ಇರುವ ಮನೆಯ ಮೇಲೆ ಸಾಲ, ಬಾಡಿಗೆಗೊಂದು ಮನೆ

ಈ ಸಲ ಆಯ್ದುಕೊಂಡ ಪತ್ರಗಳೆಲ್ಲ ಒಂದೇ ವಿಷಯದ ಸುತ್ತ ಇವೆ. ಸಾಲ ತೀರಿದ, ಅಥವಾ ಬಹುಪಾಲು ತೀರಿದ ಸ್ವಂತ ಮನೆಯನ್ನು ಅಡವಿಟ್ಟು, ಆ ಹಣದಿಂದ ಬಾಡಿಗೆಗೆ ಕೊಡಲು ಇನ್ನೊಂದು ಮನೆ ಮಾಡಿಕೊಳ್ಳಬಹುದೇ ಎಂಬುದು ಬರೆದವರೆಲ್ಲರ ಪ್ರಶ್ನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನನಗೆ 45 ವರ್ಷ. ಕಾಲೇಜು ಅಧ್ಯಾಪಕ. ಕೈಗೆ ಬರುವ ಸಂಬಳ ತಿಂಗಳಿಗೆ 1,10,000 ರೂಪಾಯಿ. ಮೈಸೂರಿನ ಕುವೆಂಪುನಗರದಲ್ಲಿ ತಂದೆಯವರು ಕಟ್ಟಿಸಿದ ಮನೆಯಿದ್ದು, ಅದಕ್ಕೆ ಈಗ ಸುಮಾರು 1.2 ಕೋಟಿ ರೂಪಾಯಿ ಬೆಲೆಯಿದೆ, ಸಾಲವೇನೂ ಇಲ್ಲ. ತಂದೆ ತೀರಿಕೊಂಡ ಮೇಲೆ ಖಾತೆ ನನ್ನ ಹೆಸರಿಗೆ ಆಗಿದೆ. ತಾಯಿ ನಮ್ಮೊಡನೆ ಇದ್ದಾರೆ, ತಂಗಿ ಮದುವೆಯಾಗಿ ಹಾಸನದಲ್ಲಿದ್ದಾಳೆ. ಬೆಂಗಳೂರಿನ ಕನಕಪುರ ರಸ್ತೆಯ ಕಡೆ ಒಂದು ಹಳೆಯ ಫ್ಲ್ಯಾಟ್ 60 ಲಕ್ಷಕ್ಕೆ ಸಿಗುತ್ತಿದೆ, 20,000 ರೂಪಾಯಿ ಬಾಡಿಗೆ ಬರುತ್ತದೆ. ಮೈಸೂರಿನ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಪೂರ್ತಿ ಹಣ ತೆಗೆದುಕೊಂಡರೆ ಬಾಡಿಗೆಯೇ ಕಂತು ಕಟ್ಟುತ್ತದೆ, ಹದಿನೈದು ವರ್ಷಕ್ಕೆ ಎರಡು ಮನೆಯಾಗುತ್ತದೆ ಎಂದು ನನ್ನ ಭಾವಮೈದುನ ಹೇಳುತ್ತಾನೆ. ಮುಂದುವರಿಯಬಹುದೇ?
(ಓದುಗರೊಬ್ಬರು, ಮೈಸೂರು)

ಉತ್ತರ: ಬಾಡಿಗೆಯೇ ಕಂತು ಕಟ್ಟುತ್ತದೆ ಎಂಬ ಮಾತನ್ನು ಮೊದಲು ಕಾಗದದ ಮೇಲೆ ಇಳಿಸಿ ನೋಡೋಣ. ಫ್ಲ್ಯಾಟಿನ ಬೆಲೆ 60 ಲಕ್ಷವಾದರೂ ನಿಮ್ಮ ಕೈಬಿಡುವ ಹಣ ಅಷ್ಟೇ ಅಲ್ಲ. ಕರ್ನಾಟಕದಲ್ಲಿ 45 ಲಕ್ಷ ರೂಪಾಯಿ ಮೀರಿದ ಕ್ರಯಕ್ಕೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರ ಪ್ರದೇಶದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಒಟ್ಟು ಶೇ 7.6 ಎಂದರೆ 4,56,000 ರೂಪಾಯಿ. ಬಣ್ಣ, ಸಣ್ಣಪುಟ್ಟ ರಿಪೇರಿ, ವಕೀಲರ ಶುಲ್ಕ, ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ ಇವುಗಳಿಗೆ ಒಂದೂವರೆ ಲಕ್ಷ ಹಿಡಿದರೆ ಒಟ್ಟು 66 ಲಕ್ಷ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1ನ್ನು ಟಿಡಿಎಸ್ (ಮೂಲದಲ್ಲೇ ಕಡಿತ ಮಾಡುವ ತೆರಿಗೆ) ಆಗಿ ಹಿಡಿದು ನೀವೇ ಸರ್ಕಾರಕ್ಕೆ ಕಟ್ಟಬೇಕು. ಇದು ನಿಮಗೆ ಹೆಚ್ಚುವರಿ ಖರ್ಚಲ್ಲ, ಆದರೆ ಮರೆತರೆ ಬಡ್ಡಿ ಮತ್ತು ದಂಡ ಮಾತ್ರ ನಿಮ್ಮ ಪಾಲಿಗೇ ಬರುತ್ತವೆ.

ಆಸ್ತಿ ಅಡಮಾನ ಸಾಲದ ಬಡ್ಡಿ ಗೃಹಸಾಲಕ್ಕಿಂತ ಸಾಮಾನ್ಯವಾಗಿ ಒಂದರಿಂದ ಎರಡು ಶೇಕಡ ಹೆಚ್ಚಿರುತ್ತದೆ. ಇಲ್ಲಿ ಗೃಹಸಾಲಕ್ಕೆ ಶೇ 8, ಅಡಮಾನ ಸಾಲಕ್ಕೆ ಶೇ 10 ಎಂದು ಹಿಡಿದಿದ್ದೇನೆ. ನಿಮ್ಮ ಬ್ಯಾಂಕಿನ ದರ ಬೇರೆಯಿದ್ದರೆ ಅಂಕಿಗಳನ್ನು ಹಾಗೆಯೇ ತಿದ್ದಿಕೊಳ್ಳಿ. ನಿವೃತ್ತಿಗೆ 15 ವರ್ಷವಿರುವುದರಿಂದ ಅವಧಿಯೂ ಅಷ್ಟೇ ಸಿಕ್ಕೀತು. 66 ಲಕ್ಷಕ್ಕೆ ಶೇ 10ರಂತೆ 15 ವರ್ಷದ ಕಂತು ತಿಂಗಳಿಗೆ ಸುಮಾರು 70,900 ರೂಪಾಯಿ.

ಇನ್ನು ಬಾಡಿಗೆ. ವರ್ಷದಲ್ಲಿ ಒಂದು ತಿಂಗಳಾದರೂ ಮನೆ ಖಾಲಿ ಬೀಳುತ್ತದೆ ಎಂದುಕೊಂಡೇ ಲೆಕ್ಕ ಹಾಕಬೇಕು, ಏಕೆಂದರೆ ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಸುಣ್ಣಬಣ್ಣಕ್ಕೇ ಹದಿನೈದು ದಿನ ಹೋಗುತ್ತದೆ, ಬೆಂಗಳೂರಿನ ಫ್ಲ್ಯಾಟನ್ನು ಮೈಸೂರಿನಲ್ಲಿ ಕುಳಿತು ನೋಡಿಕೊಳ್ಳುವವರಿಗೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ. ಹನ್ನೊಂದು ತಿಂಗಳಿಗೆ 2,20,000 ರೂಪಾಯಿ. ಆಸ್ತಿ ತೆರಿಗೆ, ರಿಪೇರಿ, ಬ್ರೋಕರ್ ಕಮಿಷನ್, ಖಾಲಿ ತಿಂಗಳಿನ ನಿರ್ವಹಣಾ ಶುಲ್ಕ ಇವೆಲ್ಲಕ್ಕೆ 30,000 ಕಳೆಯಿರಿ. ಉಳಿದ 1,90,000ವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 15,800 ರೂಪಾಯಿ. ಕಂತು 70,900, ಕೈಗೆ ಬರುವ ಬಾಡಿಗೆ 15,800. ನಡುವಿನ 55,000 ರೂಪಾಯಿ ನಿಮ್ಮ ಸಂಬಳದಿಂದ ಹೋಗಬೇಕು. ಇದನ್ನೇ ತಿರುಗಿಸಿ ಕೇಳಿ: ಈ ಬಾಡಿಗೆ ತಾನಾಗಿ ಹೊರಬಲ್ಲ ಸಾಲ ಎಷ್ಟು? ಶೇ 10ರ ಬಡ್ಡಿಯಲ್ಲಿ 15 ಲಕ್ಷಕ್ಕೂ ಸ್ವಲ್ಪ ಕಡಿಮೆ. ನೀವು ಅದರ ಹೆಗಲಿಗೆ 66 ಲಕ್ಷ ಏರಿಸಲು ಹೊರಟಿದ್ದೀರಿ. ಇದು ನಿಮ್ಮ ಭಾವಮೈದುನರ ತಪ್ಪೇನಲ್ಲ. ಬೆಂಗಳೂರಿನ ವಾಸದ ಮನೆಗಳ ಬಾಡಿಗೆ ಬೆಲೆಯ ಶೇ 3ರಿಂದ 4ರ ಆಸುಪಾಸಿನಲ್ಲೇ ಇರುವಾಗ ಶೇ 10ರ ಸಾಲವನ್ನು ಅದು ತೀರಿಸಲು ಹೇಗೂ ಸಾಧ್ಯವಿಲ್ಲ.

ಹಾಗಾದರೆ ಲಾಭವೆಲ್ಲ ಬೆಲೆ ಏರಿಕೆಯಿಂದಲೇ ಬರಬೇಕು. ಖರ್ಚು ಕಳೆದ ಬಾಡಿಗೆ ನೀವು ಹಾಕಿದ ಹಣದ ಮೇಲೆ ಶೇ 2.9, ಬಡ್ಡಿ ಶೇ 10. ಆದ್ದರಿಂದ ಫ್ಲ್ಯಾಟಿನ ಬೆಲೆ ವರ್ಷಕ್ಕೆ ಸರಿಸುಮಾರು ಶೇ 7ರಂತೆ ಏರಿದರೆ ನಿಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ವರ್ಷಕ್ಕೆ ಶೇ 7ರ ಏರಿಕೆಯೆಂದರೆ ಹತ್ತು ವರ್ಷಕ್ಕೆ ಬೆಲೆ ದುಪ್ಪಟ್ಟಾದಂತೆ. ‘ಹತ್ತು ವರ್ಷಕ್ಕೆ ಡಬಲ್ ಆಗುತ್ತದೆ ಸಾರ್’ ಎಂದು ದಲ್ಲಾಳಿಗಳು ಹುರುಪಿನಿಂದ ಹೇಳುವಾಗ, ಸಾಲ ಮಾಡಿ ಕೊಳ್ಳುವವನ ಪಾಲಿಗೆ ಅದು ಅಸಲು ಕೈಸೇರಿದ ಸುದ್ದಿ ಮಾತ್ರ ಎಂಬುದನ್ನು ಹೇಳುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಬೆಲೆ ಏರುವುದು ಮುಖ್ಯವಾಗಿ ಭೂಮಿಗೆ, ಕಟ್ಟಡಕ್ಕಲ್ಲ. ನೀವು ಕೊಳ್ಳುವುದು ಹಳೆಯ ಫ್ಲ್ಯಾಟಾದ್ದರಿಂದ ಅದರ ಪಾಲಿಗೆ ಬರುವ ಅವಿಭಜಿತ ನಿವೇಶನದ ಅಳತೆ ಎಷ್ಟೆಂದು ಕ್ರಯಪತ್ರದಲ್ಲಿ ನೋಡಿಕೊಳ್ಳಿ.

ಕೊಳ್ಳಲೇಬೇಕೆಂದಿದ್ದರೂ ಪೂರ್ತಿ ಹಣವನ್ನು ಮೈಸೂರಿನ ಮನೆಯ ಮೇಲೆ ಎತ್ತುವುದು ದುಬಾರಿ ದಾರಿ. ಹೊಸ ಫ್ಲ್ಯಾಟನ್ನೇ ಆಧಾರವಾಗಿಟ್ಟು ಗೃಹಸಾಲ ಪಡೆಯಬಹುದು. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಮನೆಯ ಬೆಲೆಯ ಶೇ 80ರವರೆಗೆ ಕೊಡಬಹುದು. ಮುದ್ರಾಂಕ ಮತ್ತು ನೋಂದಣಿ ಶುಲ್ಕಗಳು ಆ ಬೆಲೆಯಲ್ಲಿ ಸೇರುವುದಿಲ್ಲ. ಹಾಗೆ 48 ಲಕ್ಷ ಗೃಹಸಾಲ, ಉಳಿದ 18 ಲಕ್ಷಕ್ಕೆ ಮಾತ್ರ ಅಡಮಾನ ಸಾಲ ಎಂದರೆ ಎರಡು ಕಂತುಗಳೂ ಸೇರಿ ತಿಂಗಳಿಗೆ 65,200 ರೂಪಾಯಿ. ತಿಂಗಳಿಗೆ 5,700ರ ವ್ಯತ್ಯಾಸ ಸಣ್ಣದೆನಿಸಬಹುದು, ಹದಿನೈದು ವರ್ಷಕ್ಕೆ ಅದು ಹತ್ತು ಲಕ್ಷ ದಾಟುತ್ತದೆ. ಅದಕ್ಕಿಂತ ಮುಖ್ಯವಾದದ್ದು, ತಾಯಿ ವಾಸವಿರುವ ಮನೆಯ ಮೇಲಿನ ಹೊರೆ 66 ಲಕ್ಷದಿಂದ 18 ಲಕ್ಷಕ್ಕೆ ಇಳಿಯುವುದು. ಈ ಎರಡು ಸಾಲಗಳನ್ನು ಬೇರೆ ಬೇರೆ ಬ್ಯಾಂಕುಗಳಿಂದ ಪಡೆಯುವುದು ಒಳ್ಳೆಯದು. ಒಂದೇ ಬ್ಯಾಂಕಾದರೆ, ಒಂದು ಸಾಲ ಬಾಕಿಯಾದಾಗ ಇನ್ನೊಂದರ ಆಧಾರಕ್ಕೂ ಕೈಹಾಕಲು ಅವಕಾಶ ಕೊಡುವ ಷರತ್ತು ಕರಾರಿನ ಸಣ್ಣ ಅಕ್ಷರಗಳಲ್ಲಿ ಇರುವುದುಂಟು. ಸಹಿಗೆ ಮೊದಲು ಅದನ್ನು ಓದಿ.

ಕೈಹಾಕುವುದು ಎಂದೆ. 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಕಂತು 90 ದಿನ ಬಾಕಿಯಾಗಿ ಸಾಲ ಅನುತ್ಪಾದಕವೆಂದು ಘೋಷಣೆಯಾದರೆ, ಬ್ಯಾಂಕು 60 ದಿನಗಳ ನೋಟಿಸು ಕೊಟ್ಟು, ಸಿವಿಲ್ ನ್ಯಾಯಾಲಯಕ್ಕೆ ಹೋಗದೆಯೇ ಅಡವಿಟ್ಟ ಆಸ್ತಿಯನ್ನು ಸ್ವಾಧೀನಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು. ನೀವು ಅದರ ವಿರುದ್ಧ ಸಾಲ ವಸೂಲಾತಿ ನ್ಯಾಯಮಂಡಳಿಗೆ 45 ದಿನಗಳೊಳಗೆ ಹೋಗಬಹುದು, ಆದರೆ ಅಷ್ಟು ಹೊತ್ತಿಗೆ ಮನೆಯ ಗೋಡೆಗೆ ನೋಟಿಸು ಅಂಟಿರುತ್ತದೆ. ಬೆಂಗಳೂರಿನ ಹೂಡಿಕೆ ಸೋತಾಗ ಕುವೆಂಪುನಗರದ ಗೋಡೆಗೆ ನೋಟಿಸು ಅಂಟುವುದೇ ನಿಮ್ಮ ಮೊದಲ ಯೋಜನೆಯ ನಿಜವಾದ ಸ್ವರೂಪ.

ಬಡ್ಡಿ ದರವೂ ಸ್ಥಿರವಲ್ಲ. 2022ರ ಮೇ ತಿಂಗಳಲ್ಲಿ ಶೇ 4ರಲ್ಲಿದ್ದ ರೆಪೊ ದರ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) 2023ರ ಫೆಬ್ರವರಿಯ ಹೊತ್ತಿಗೆ ಶೇ 6.5 ಆಯಿತು; ಹತ್ತು ತಿಂಗಳೊಳಗೆ ಎರಡೂವರೆ ಶೇಕಡ. ಆಮೇಲೆ 2025ರಲ್ಲಿ ಇಳಿಯಿತೆಂಬುದು ನಿಜ. ಆದರೆ ನಿಮ್ಮ ಸಾಲ ಶೇ 10ರಿಂದ 12.5ಕ್ಕೆ ಏರಿದರೆ 66 ಲಕ್ಷದ ಮೇಲಿನ ಕಂತು 81,000 ದಾಟುತ್ತದೆ, ಬಾಡಿಗೆ ಅದರ ಹಿಂದೆ ಓಡುವುದಿಲ್ಲ. ಬ್ಯಾಂಕಲ್ಲದ ಹಣಕಾಸು ಸಂಸ್ಥೆಯಲ್ಲಿ ಸಾಲ ಪಡೆಯುವುದಾದರೆ ಇನ್ನೂ ಎಚ್ಚರ ಬೇಕು: ಗೃಹಸಾಲದಂಥ ಚಿಲ್ಲರೆ ಸಾಲಗಳ ಬದಲಾಗುವ ಬಡ್ಡಿಯನ್ನು ರೆಪೊದಂಥ ಹೊರಗಿನ ಮಾನದಂಡಕ್ಕೆ ಕಟ್ಟಬೇಕೆಂದು 2019ರ ಅಕ್ಟೋಬರ್‌ನಲ್ಲಿ ಬಂದ ನಿಯಮ ಬ್ಯಾಂಕುಗಳಿಗೆ ಮಾತ್ರ, ಈ ಸಂಸ್ಥೆಗಳು ತಮ್ಮದೇ ಮೂಲದರ ಇಟ್ಟುಕೊಳ್ಳುತ್ತವೆ.

ತೆರಿಗೆಯ ವಿಷಯ ನೀವು ಕೇಳಿಲ್ಲ, ಆದರೆ ಇಂಥ ಯೋಜನೆಗಳನ್ನು ಮಾರುವವರು ಮೊದಲು ಹೇಳುವುದೇ ಅದನ್ನು. ಯಾವ ಆಸ್ತಿಯನ್ನು ಅಡವಿಟ್ಟಿರಿ ಎಂಬುದನ್ನಲ್ಲ, ಸಾಲದ ಹಣವನ್ನು ಯಾವುದಕ್ಕೆ ಬಳಸಿದಿರಿ ಎಂಬುದನ್ನು ಆದಾಯ ತೆರಿಗೆ ಕಾನೂನು ನೋಡುತ್ತದೆ. ಆದ್ದರಿಂದ ಅಡಮಾನ ಸಾಲದ ಹಣ ನೇರವಾಗಿ ಫ್ಲ್ಯಾಟಿನ ಕ್ರಯಕ್ಕೆ ಹೋದದ್ದಕ್ಕೆ ದಾಖಲೆಯಿದ್ದರೆ ಅದರ ಬಡ್ಡಿಯನ್ನೂ ಬಾಡಿಗೆ ಆದಾಯದ ಎದುರು ಕಳೆಯಬಹುದು. ಹಣವನ್ನು ಉಳಿತಾಯ ಖಾತೆಯಲ್ಲಿ ಬೇರೆ ಹಣದೊಡನೆ ಬೆರೆಸಬೇಡಿ. ಬಾಡಿಗೆಯಿಂದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30ರ ವಿನಾಯಿತಿ ಕಳೆದು, ಆಮೇಲೆ ಬಡ್ಡಿ ಕಳೆದರೆ ನಿಮಗೆ ಮೊದಲ ವರ್ಷ ನಾಲ್ಕು ಲಕ್ಷಕ್ಕೂ ಹೆಚ್ಚು ನಷ್ಟ ಕಾಣುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇದರಲ್ಲಿ 2 ಲಕ್ಷವನ್ನು ಮಾತ್ರ ಸಂಬಳದ ಎದುರು ಹೊಂದಿಸಬಹುದು, ಉಳಿದದ್ದನ್ನು ಎಂಟು ವರ್ಷದವರೆಗೆ ಮನೆ ಬಾಡಿಗೆಯ ಆದಾಯದ ಎದುರಿಗಷ್ಟೇ ಒಯ್ಯಬಹುದು. ಹೊಸ ಪದ್ಧತಿಯಲ್ಲಿದ್ದರೆ ಬಾಡಿಗೆಯ ಮೇಲಿನ ತೆರಿಗೆ ಸೊನ್ನೆಯಾಗುತ್ತದೆಯೇ ಹೊರತು ನಷ್ಟವನ್ನು ಸಂಬಳದ ಎದುರು ಹೊಂದಿಸಲು ಬರುವುದಿಲ್ಲ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ 2025ರ ಆದಾಯ ತೆರಿಗೆ ಕಾಯ್ದೆ 1961ರ ಕಾಯ್ದೆಯ ಸ್ಥಾನವನ್ನು ತೆಗೆದುಕೊಂಡು ಕಲಮುಗಳ ಸಂಖ್ಯೆ ಬದಲಾಗಿದೆ. ಲೆಕ್ಕದ ಈ ರೀತಿ ಬದಲಾಗಿಲ್ಲ.

ಇಷ್ಟೆಲ್ಲಕ್ಕೂ ಮೊದಲೇ ಬ್ಯಾಂಕಿನ ವಕೀಲರು ನಿಮ್ಮನ್ನು ತಡೆಯುವ ಸಂಗತಿಯೊಂದಿದೆ. ಖಾತೆ ನಿಮ್ಮ ಹೆಸರಿಗೆ ಆಗಿರುವುದರಿಂದ ಮನೆ ನಿಮ್ಮೊಬ್ಬರದೇ ಆಗುವುದಿಲ್ಲ. ಖಾತೆ ಎಂಬುದು ತೆರಿಗೆ ಕಟ್ಟುವವರು ಯಾರೆಂದು ತಿಳಿಸುವ ದಾಖಲೆ, ಸ್ವಾಮ್ಯದ ದಾಖಲೆಯಲ್ಲ. ನಿಮ್ಮ ತಂದೆಯವರು ಸ್ವಯಾರ್ಜಿತ ಮನೆಯನ್ನು ಉಯಿಲು ಬರೆಯದೆ ಬಿಟ್ಟುಹೋಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನಿಮ್ಮ ತಾಯಿ, ನೀವು, ನಿಮ್ಮ ತಂಗಿ ಮೂವರಿಗೂ ಸಮಪಾಲು; ತಂಗಿಗೆ ಮದುವೆಯಾಗಿದೆ ಎಂಬುದರಿಂದ ಅದು ಕಡಿಮೆಯಾಗುವುದಿಲ್ಲ. ಬ್ಯಾಂಕು ವಂಶವೃಕ್ಷ ಕೇಳುತ್ತದೆ. ತಾಯಿ ಮತ್ತು ತಂಗಿ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬೇಕು, ಇಲ್ಲವೇ ಅವರೂ ಸಾಲಕ್ಕೆ ಸಹಿ ಹಾಕಬೇಕು ಎನ್ನುತ್ತದೆ. ‘ಒಂದು ಸಹಿ ತಾನೇ’ ಎಂದು ತಾಯಿಯವರಿಂದ ಹಾಕಿಸಿಕೊಳ್ಳುವ ಆ ಸಹಿ, ಅವರ ತಲೆಯ ಮೇಲಿನ ಸೂರನ್ನು ಅವರು ಎಂದೂ ನೋಡದ ಫ್ಲ್ಯಾಟಿನ ಬಾಡಿಗೆದಾರನ ಭರವಸೆಗೆ ಬಿಡುವ ಸಹಿ. ಅವರಿಗೆ ಅರ್ಥವಾಗುವಂತೆ ಹೇಳಿಯೇ ಕೇಳಬೇಕು, ಬೇಡವೆಂದರೆ ಒತ್ತಾಯ ಮಾಡಬಾರದು ಎಂಬುದು ನನ್ನ ಸ್ವಂತ ಅಭಿಪ್ರಾಯ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಎರಡು ಸಾಲಗಳ ದಾರಿಯಲ್ಲೂ ಬಾಡಿಗೆ ಕಳೆದು ತಿಂಗಳಿಗೆ 49,400 ರೂಪಾಯಿ ಸಂಬಳದಿಂದ ಹೋಗಲೇಬೇಕಲ್ಲವೇ? ಸಾಲ ಮಾಡಿದ್ದೇನೆಂದೇ ಭಾವಿಸಿ ಆ ಹಣವನ್ನು ಇಂದಿನಿಂದಲೇ ಮೂರು ವರ್ಷ ಆವರ್ತ ಠೇವಣಿಗೆ ಕಟ್ಟಿ ನೋಡಿ. ಕಟ್ಟಲಾಗದಿದ್ದರೆ ಸಾಲವನ್ನೂ ತೀರಿಸಲಾಗುತ್ತಿರಲಿಲ್ಲ ಎಂಬುದು ಮನೆಯನ್ನು ಅಡವಿಡುವ ಮೊದಲೇ ತಿಳಿದುಬಿಡುತ್ತದೆ. ಕಟ್ಟಲಾದರೆ ಬಡ್ಡಿಯನ್ನು ಬಿಟ್ಟೂ 17.8 ಲಕ್ಷವಾಗಿರುತ್ತದೆ, ಅಂದರೆ ಎರಡು ಸಾಲಗಳ ದಾರಿಯಲ್ಲಿ ಮೈಸೂರಿನ ಮನೆಯ ಮೇಲೆ ಎತ್ತಬೇಕಿದ್ದ ಮಾರ್ಜಿನ್ ಹಣವೇ (ಗೃಹಸಾಲ ಹೋಗಿ ಉಳಿದ ಪಾಲು). ಅಷ್ಟರಲ್ಲಿ ಫ್ಲ್ಯಾಟಿನ ಬೆಲೆ ಏರಿರುತ್ತದೆ ಎಂದು ನಿಮ್ಮ ಭಾವಮೈದುನ ಹೇಳುತ್ತಾರೆ. ಹೇಳಲಿ, ಅದು ನಿಜವೂ ಇರಬಹುದು: ವರ್ಷಕ್ಕೆ ಶೇ 7ರಂತೆ ಏರಿದರೆ ಮಾರ್ಜಿನ್ ಇನ್ನೊಂದು ನಾಲ್ಕು ಲಕ್ಷ ಹೆಚ್ಚು ಬೇಕಾಗುತ್ತದೆ, ಗೃಹಸಾಲವೂ ಹಿಗ್ಗುತ್ತದೆ, ನಿವೃತ್ತಿಯವರೆಗಿನ ಅವಧಿ ಮೂರು ವರ್ಷ ಕುಗ್ಗಿರುತ್ತದೆ. ಆಗ ಫ್ಲ್ಯಾಟು ನಿಮ್ಮ ಅಳತೆ ಮೀರಿದ್ದರೆ ಮೈಸೂರಿನಲ್ಲೇ ಸಣ್ಣದೊಂದನ್ನು ನೋಡಬಹುದು. ಬಾಡಿಗೆ ಕಡಿಮೆಯಾದರೂ ನಲ್ಲಿ ಕೆಟ್ಟರೆ ಸಂಜೆ ಹೋಗಿ ನೋಡಿ ಬರಬಹುದು.

ಪ್ರಶ್ನೆ: ನಮ್ಮದು ಬೆಂಗಳೂರಿನ ಹೊರವಲಯದಲ್ಲಿ 30x40 ನಿವೇಶನದ ಮನೆ. 2014ರಲ್ಲಿ ಪಡೆದ ಗೃಹಸಾಲದಲ್ಲಿ 14 ಲಕ್ಷ ಬಾಕಿಯಿದೆ. ಬ್ಯಾಂಕಿನವರು ಟಾಪ್ ಅಪ್ ಸಾಲ (ಇರುವ ಗೃಹಸಾಲದ ಮೇಲೆ ಹೆಚ್ಚುವರಿ ಸಾಲ) ಕೊಡುತ್ತೇವೆ ಎಂದು ಫೋನು ಮಾಡುತ್ತಲೇ ಇದ್ದಾರೆ. ಬೇರೆ ಮನೆ ಕೊಳ್ಳುವ ಬದಲು ಮೊದಲ ಮಹಡಿ ಕಟ್ಟಿಸಿ ಬಾಡಿಗೆಗೆ ಕೊಡುವುದು ಸರಿಯೇ? ಯಜಮಾನರು ಬೇಡ ಎನ್ನುತ್ತಾರೆ.
(ಗೃಹಿಣಿ, ಬೆಂಗಳೂರು)

ಉತ್ತರ: ಈ ಬಾರಿ ಬಂದ ಪತ್ರಗಳಲ್ಲಿ ಲೆಕ್ಕ ಹತ್ತಿರ ಹತ್ತಿರ ಕೂಡಿಬರುವುದು ನಿಮ್ಮದೇ. ಕಾರಣ ಸರಳ: ಫ್ಲ್ಯಾಟು ಕೊಳ್ಳುವವರು ಭೂಮಿಗೂ ಹಣ ಕೊಡಬೇಕು, ನೀವು ಕಟ್ಟಡಕ್ಕೆ ಮಾತ್ರ, ಕ್ರಯದ ಮುದ್ರಾಂಕ ಶುಲ್ಕವೂ ಇಲ್ಲ. ಸಾವಿರ ಚದರಡಿಯ ಮಹಡಿಗೆ ಚದರಡಿಗೆ 2,400 ರೂಪಾಯಿಯಂತೆ 24 ಲಕ್ಷವೆಂದು ಹಿಡಿಯೋಣ. ಟಾಪ್ ಅಪ್ ಸಾಲದ ಬಡ್ಡಿ ಗೃಹಸಾಲಕ್ಕೆ ಸಮೀಪವೇ ಇರುತ್ತದೆ, ಶೇ 8.5ರಂತೆ 15 ವರ್ಷಕ್ಕೆ ಕಂತು 23,600 ರೂಪಾಯಿ. 17,000 ಬಾಡಿಗೆ ಬಂದರೆ, ಖಾಲಿ ತಿಂಗಳು ಮತ್ತು ಖರ್ಚು ಕಳೆದು ಕೈಗೆ 14,800. ನೀವು ಸೇರಿಸಬೇಕಾದದ್ದು ತಿಂಗಳಿಗೆ 8,800. ಮೇಲಿನ ಮೈಸೂರಿನ ಓದುಗರ 49,400ರೊಂದಿಗೆ ಇದನ್ನು ಹೋಲಿಸಿ. ಕೆಲವು ವರ್ಷ ಬಾಡಿಗೆ ಏರುತ್ತಾ ಹೋದರೆ ಈ ಅಂತರವೂ ಮುಚ್ಚುತ್ತದೆ.

ಆದರೆ ಯಜಮಾನರ ಹಿಂಜರಿಕೆಗೆ ಕಾರಣ ಇರಬಹುದು. ಮೊದಲನೆಯದಾಗಿ, ನೆಲಮಹಡಿ ಕಟ್ಟುವಾಗ ಪಾಯ ಮತ್ತು ಕಂಬಗಳನ್ನು ಎಷ್ಟು ಮಹಡಿಯ ಭಾರಕ್ಕೆ ಹಾಕಿದ್ದರು? ಮೇಸ್ತ್ರಿ ‘ಎರಡು ಫ್ಲೋರ್ ತಡೀತದಮ್ಮ’ ಎಂದರೆ ಸಾಲದು, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ನೋಡಿ ಬರೆದುಕೊಡಬೇಕು. ಎರಡನೆಯದು ನಕ್ಷೆ. ಮಂಜೂರಾದ ನಕ್ಷೆಯಲ್ಲಿ ಮೊದಲ ಮಹಡಿ ಇಲ್ಲದಿದ್ದರೆ ಹೊಸದಾಗಿ ಮಂಜೂರಾತಿ ಪಡೆಯದೆ ಒಂದು ಇಟ್ಟಿಗೆಯನ್ನೂ ಇಡಬೇಡಿ. ನಕ್ಷೆಯಂತೆ ಕಟ್ಟಲಾಗಿದೆ, ವಾಸಿಸಬಹುದು ಎಂದು ತಿಳಿಸುವ ಸ್ವಾಧೀನಾನುಭವ ಪ್ರಮಾಣಪತ್ರವನ್ನು (ಒಸಿ) ಪರಿಶೀಲಿಸಿಯೇ ಬ್ಯಾಂಕುಗಳು ಕಟ್ಟಡದ ಆಧಾರದ ಮೇಲೆ ಸಾಲ ಕೊಡಬೇಕು, ನೀರು ಮತ್ತು ವಿದ್ಯುತ್ ಸಂಪರ್ಕವನ್ನೂ ಅದನ್ನು ನೋಡಿಯೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಹೇಳಿದ ಮೇಲೆ, ಹೊಸ ಮನೆ ಕಟ್ಟಿಸಿ ಮೀಟರ್ ಸಿಗದೆ ಕುಳಿತವರು ನಿಮ್ಮ ಸುತ್ತಮುತ್ತಲೇ ಇರಬಹುದು. ಮೀಟರ್ ಇಲ್ಲದ ಮಹಡಿಗೆ ಬಾಡಿಗೆದಾರ ಬರುವುದಿಲ್ಲ, ಕಂತು ಮಾತ್ರ ತಪ್ಪದೆ ಬರುತ್ತದೆ. ನಿಮ್ಮದು ಬಿ ಖಾತೆಯಾಗಿದ್ದರೆ (ಪೂರ್ಣ ಅನುಮತಿಯಿಲ್ಲದ ಆಸ್ತಿಗಳ ಪ್ರತ್ಯೇಕ ಖಾತೆ) ಆ ತೊಡಕನ್ನು ಮೊದಲು ಬಗೆಹರಿಸಿಕೊಳ್ಳಿ.

ಟಾಪ್ ಅಪ್ ಹಣದಲ್ಲಿ ‘ಹೇಗೂ ಬಂದಿದೆ’ ಎಂದು ಕಾರು, ಒಡವೆ ಸೇರಿಸಬೇಡಿ. ಬಾಡಿಗೆಯ ಎದುರು ಬಡ್ಡಿ ಕಳೆಯಬೇಕಾದರೆ ಸಿಮೆಂಟು, ಕಬ್ಬಿಣ, ಕೂಲಿಯ ರಸೀದಿಗಳೆಲ್ಲ ಬೇಕು. ಗುತ್ತಿಗೆದಾರರಿಗೆ ಬ್ಯಾಂಕಿನ ಮೂಲಕವೇ ಪಾವತಿ ಮಾಡಿ.

ಪ್ರಶ್ನೆ: ಮನೆ ಅಡವಿಟ್ಟು 15 ಲಕ್ಷ ಸಾಲ ಪಡೆದು ದಾವಣಗೆರೆಯಲ್ಲಿ ಒಂದು ಸಣ್ಣ ಮನೆ ಕೊಂಡಿದ್ದೇನೆ. ಅದಕ್ಕೂ ಗೃಹಸಾಲವಿದೆ. ತಿಂಗಳ ಬಾಡಿಗೆಯ ಬದಲು ಮೂರು ವರ್ಷಕ್ಕೆ 10 ಲಕ್ಷ ಭೋಗ್ಯಕ್ಕೆ ಕೊಟ್ಟು, ಆ ಹಣವನ್ನು ಸಾಲಕ್ಕೆ ಕಟ್ಟಿಬಿಟ್ಟರೆ ಬಡ್ಡಿ ಉಳಿಯುವುದಿಲ್ಲವೇ?
(ವ್ಯಾಪಾರಿ, ದಾವಣಗೆರೆ)

ಉತ್ತರ: ಬಡ್ಡಿ ಉಳಿಯುತ್ತದೆ, ಅದು ಸರಿ. ಶೇ 10ರ ಸಾಲಕ್ಕೆ 10 ಲಕ್ಷ ಕಟ್ಟಿದರೆ ವರ್ಷಕ್ಕೆ ಒಂದು ಲಕ್ಷ ಬಡ್ಡಿ ತಪ್ಪಿತು. ಅದೇ ನಿಮ್ಮ ಬಾಡಿಗೆ ಎಂದುಕೊಳ್ಳಬಹುದು. ತೊಂದರೆ ಇರುವುದು ಮೂರು ವರ್ಷದ ಕೊನೆಯಲ್ಲಿ. ಭೋಗ್ಯದ ಹಣ ಆದಾಯವಲ್ಲ, ಹಿಂತಿರುಗಿಸಬೇಕಾದ ಇನ್ನೊಂದು ಸಾಲ. ಅದನ್ನು ಬ್ಯಾಂಕಿಗೆ ಕಟ್ಟಿಬಿಟ್ಟ ಮೇಲೆ ಹೊಸ ಭೋಗ್ಯದಾರ ಸಿಗುವವರೆಗೆ ಹಳಬರಿಗೆ ಕೊಡಲು ನಿಮ್ಮಲ್ಲಿ ಏನೂ ಇರುವುದಿಲ್ಲ, ಅವರು ಮನೆಯನ್ನೂ ಬಿಡುವುದಿಲ್ಲ.

ಅದಕ್ಕಿಂತ ಗಂಭೀರವಾದದ್ದು ಕಾನೂನಿನ ಪ್ರಶ್ನೆ. ಅಡವಿಟ್ಟ ಮನೆಯನ್ನು ಮಾಲೀಕನು ಬಾಡಿಗೆಗೆ ಕೊಡಬಹುದೇ ಎಂಬುದನ್ನು ಆಸ್ತಿ ವರ್ಗಾವಣೆ ಕಾಯ್ದೆಯ 65ಎ ಕಲಮು ನಿಗದಿಪಡಿಸುತ್ತದೆ. ಅಡಮಾನ ಪತ್ರದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ ಕೊಡಬಹುದು, ಆದರೆ ಸಿಗಬಹುದಾದ ಒಳ್ಳೆಯ ಬಾಡಿಗೆಗೆ ಕೊಡಬೇಕು, ಇಡಿಗಂಟು ಪಡೆಯಬಾರದು, ಬಾಡಿಗೆಯನ್ನು ಮುಂಗಡವಾಗಿ ವಸೂಲಿ ಮಾಡಬಾರದು, ಕಟ್ಟಡವಾದರೆ ಅವಧಿ ಮೂರು ವರ್ಷ ಮೀರಬಾರದು. ಬಾಡಿಗೆಯೇ ಇಲ್ಲದೆ ಇಡಿಗಂಟು ಪಡೆಯುವ ನಮ್ಮ ಭೋಗ್ಯ ಈ ಷರತ್ತುಗಳಿಗೆ ಹೊಂದುವುದು ಕಷ್ಟ. ಸಾಲದ ಕರಾರುಗಳಲ್ಲಿ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕೆಂಬ ಷರತ್ತೂ ಸಾಮಾನ್ಯವಾಗಿ ಇರುತ್ತದೆ. ನಾಳೆ ಕಂತು ತಪ್ಪಿ ಬ್ಯಾಂಕು ಬಂದರೆ ಭೋಗ್ಯದಾರರು ಮನೆಯನ್ನೂ ಕಳೆದುಕೊಂಡು, ಹತ್ತು ಲಕ್ಷಕ್ಕೆ ನಿಮ್ಮ ಮೇಲೆ ದಾವೆ ಹೂಡುತ್ತಾರೆ. ಅವರಿಗೆ ಮನೆ ಅಡವಿನಲ್ಲಿದೆ ಎಂದು ಹೇಳದೆ ಹಣ ಪಡೆದಿದ್ದರೆ ಸಿವಿಲ್ ದಾವೆಯ ಜೊತೆಗೆ ವಂಚನೆಯ ದೂರು ಕೂಡ ಬರಬಹುದು. ತಿಂಗಳ ಬಾಡಿಗೆಗೇ ಕೊಡಿ.

ಭೋಗ್ಯಕ್ಕೆ ಮನೆ ಹುಡುಕುತ್ತಿರುವ ಓದುಗರಿಗೂ ಒಂದು ಮಾತು: ಹಣ ಕೊಡುವ ಮೊದಲು ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪ್ರಮಾಣಪತ್ರವನ್ನು ಕಾವೇರಿ ಜಾಲತಾಣದಲ್ಲಿ ತೆಗೆಸಿ ನೋಡಿ, ಮತ್ತು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಿಕೊಳ್ಳಿ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಇಲ್ಲಿನ ಮನೆಯ ಮೇಲೆ ಹೋಂ ಈಕ್ವಿಟಿ ಸಾಲದ ಮಿತಿ (ಮನೆಯ ಆಧಾರದ ಮೇಲೆ ಬೇಕಾದಾಗ ಹಣ ತೆಗೆಯಬಹುದಾದ ಸಾಲ) ಪಡೆದು, 1,20,000 ಡಾಲರ್ ತೆಗೆದು ಬೆಂಗಳೂರಿನಲ್ಲಿ ಒಂದು ಕೋಟಿಯ ಫ್ಲ್ಯಾಟ್ ಕೊಳ್ಳಬೇಕೆಂದಿದ್ದೇವೆ. 32,000 ರೂಪಾಯಿ ಬಾಡಿಗೆ ಬರುತ್ತದೆ. ಊರಿನಲ್ಲೊಂದು ಆಸ್ತಿಯೂ ಆಯಿತು ಎಂಬುದು ನಮ್ಮ ಆಲೋಚನೆ.
(ಓದುಗ ದಂಪತಿ, ನ್ಯೂಜೆರ್ಸಿ)

ಉತ್ತರ: ಊರಿನಲ್ಲೊಂದು ಆಸ್ತಿ ಇರಲಿ ಎಂಬ ಆಸೆಯನ್ನು ಲೆಕ್ಕದಲ್ಲಿ ತೂಗಲಾಗದು, ಅದನ್ನು ನಾನು ತೂಗುವುದೂ ಇಲ್ಲ. ಹೂಡಿಕೆಯಾಗಿ ಮಾತ್ರ ನೋಡಿದರೆ ನೀವು ಡಾಲರಿನಲ್ಲಿ ಸಾಲ ಮಾಡಿ ರೂಪಾಯಿಯಲ್ಲಿ ದುಡಿಯಲು ಹೊರಟಿದ್ದೀರಿ. ಶೇ 8ರ ಬಡ್ಡಿಯಲ್ಲಿ 1,20,000 ಡಾಲರಿಗೆ ವರ್ಷಕ್ಕೆ 9,600 ಡಾಲರ್ ಬಡ್ಡಿಯೇ ಆಗುತ್ತದೆ. ಡಾಲರಿಗೆ 90 ರೂಪಾಯಿಯಂತೆ ವರ್ಷದ ಪೂರ್ಣ ಬಾಡಿಗೆ 3,84,000 ಎಂದರೆ 4,270 ಡಾಲರಿನ ಆಸುಪಾಸು. 2015ರಲ್ಲಿ ಡಾಲರಿಗೆ 65ರ ಸುತ್ತಮುತ್ತ ಇದ್ದ ರೂಪಾಯಿ 2024ರ ಕೊನೆಯಲ್ಲಿ 85 ದಾಟಿತು. ವರ್ಷಕ್ಕೆ ಸರಾಸರಿ ಎರಡೂವರೆ ಶೇಕಡಕ್ಕೂ ಹೆಚ್ಚಿನ ಸವಕಳಿ ಇದು. ಹಾಗೆಯೇ ಮುಂದುವರಿದರೆ ರೂಪಾಯಿಯಲ್ಲಿ ಶೇ 7ರಂತೆ ಏರಿದ ಫ್ಲ್ಯಾಟು ಡಾಲರಿನಲ್ಲಿ ಶೇ 4ರಷ್ಟು ಏರಿದಂತೆ. ಸಾಲದ ಬಡ್ಡಿ ಮಾತ್ರ ಪೂರ್ತಿ ಡಾಲರಿನಲ್ಲೇ ಇರುತ್ತದೆ, ಅದೂ ಈ ಬಗೆಯ ಸಾಲದಲ್ಲಿ ಸಾಮಾನ್ಯವಾಗಿ ಪ್ರೈಮ್ ದರದೊಂದಿಗೆ (ಅಲ್ಲಿನ ಬ್ಯಾಂಕುಗಳ ಮೂಲ ಬಡ್ಡಿ ದರ) ಏರಿಳಿಯುತ್ತದೆ. ಮೊದಲ ವರ್ಷಗಳಲ್ಲಿ ಬಡ್ಡಿ ಮಾತ್ರ ಕಟ್ಟಿದರೆ ಸಾಕೆಂಬ ಅನುಕೂಲ ಮುಗಿದು ಅಸಲು ಕಟ್ಟುವ ಕಾಲ ಬಂದಾಗ ಕಂತು ಒಮ್ಮೆಲೇ ಜಿಗಿಯುವುದನ್ನೂ ಗಮನದಲ್ಲಿಡಿ.

ತೆರಿಗೆ ಎರಡೂ ಕಡೆ ಇದೆ. ಅಮೆರಿಕದಲ್ಲಿ 2017ರ ತೆರಿಗೆ ಕಾನೂನಿನ ನಂತರ ಇಂಥ ಸಾಲದ ಬಡ್ಡಿಯನ್ನು ಮನೆಸಾಲದ ಬಡ್ಡಿಯಾಗಿ ಕಳೆಯಬೇಕಾದರೆ ಹಣವನ್ನು ಅಡವಿಟ್ಟ ಅದೇ ಮನೆಯ ಖರೀದಿ, ನಿರ್ಮಾಣ ಅಥವಾ ಗಣನೀಯ ಸುಧಾರಣೆಗೆ ಬಳಸಿರಬೇಕು. ಬೆಂಗಳೂರಿನ ಬಾಡಿಗೆಯ ಎದುರು ಅದನ್ನು ತೋರಿಸುವ ದಾರಿಯನ್ನು ಅಲ್ಲಿನ ಲೆಕ್ಕಪರಿಶೋಧಕರೇ ಹೇಳಬೇಕು. ಭಾರತದಲ್ಲಿ, ಅನಿವಾಸಿಗೆ ಕೊಡುವ ಬಾಡಿಗೆ ಎಷ್ಟೇ ಸಣ್ಣದಿರಲಿ, ಬಾಡಿಗೆದಾರರು ಸೆಸ್ ಸೇರಿ ಶೇ 31.2ರಷ್ಟು ಟಿಡಿಎಸ್ ಹಿಡಿಯಬೇಕು. 32,000ದಲ್ಲಿ ಸುಮಾರು 10,000 ಅಲ್ಲೇ ನಿಲ್ಲುತ್ತದೆ. ರಿಟರ್ನ್ಸ್ ಸಲ್ಲಿಸಿದರೆ ಹೆಚ್ಚುವರಿ ಹಿಡಿದದ್ದು ಹಿಂದಕ್ಕೆ ಬರುತ್ತದೆ, ಆದರೆ ತಡವಾಗಿ. ಈ ತಲೆನೋವಿನಿಂದಾಗಿಯೇ ಅನಿವಾಸಿ ಮಾಲೀಕರೆಂದರೆ ಹಿಂದೆಗೆಯುವ ಬಾಡಿಗೆದಾರರಿದ್ದಾರೆ.

ಕೊಳ್ಳುವುದಾದರೆ ಅನಿವಾಸಿಗಳಿಗೆ ಇಲ್ಲಿನ ಬ್ಯಾಂಕುಗಳು ರೂಪಾಯಿಯಲ್ಲೇ ಕೊಡುವ ಗೃಹಸಾಲ ಪಡೆಯಿರಿ. ಆಗ ಸಾಲವೂ ಬಾಡಿಗೆಯೂ ಒಂದೇ ನಾಣ್ಯದಲ್ಲಿರುತ್ತವೆ, ರೂಪಾಯಿ ಸವೆದರೆ ನಿಮ್ಮ ಸಾಲವೂ ಡಾಲರಿನ ಲೆಕ್ಕದಲ್ಲಿ ಸವೆಯುತ್ತದೆ, ನ್ಯೂಜೆರ್ಸಿಯ ಮನೆ ಈ ಗೊಡವೆಯಿಂದ ಹೊರಗುಳಿಯುತ್ತದೆ. ಮಾರ್ಜಿನ್ ಹಣವನ್ನು ಎನ್‌ಆರ್‌ಇ ಖಾತೆಯ (ಅನಿವಾಸಿಗಳು ವಿದೇಶದ ಗಳಿಕೆಯನ್ನು ಇಲ್ಲಿ ಇಡುವ ರೂಪಾಯಿ ಖಾತೆ) ಮೂಲಕ ತಂದ ದಾಖಲೆ ಇಟ್ಟುಕೊಳ್ಳಿ. ಮುಂದೆ ಮಾರಿದಾಗ ಹಣವನ್ನು ಅಮೆರಿಕಕ್ಕೆ ಒಯ್ಯಲು ಅದು ಬೇಕಾಗುತ್ತದೆ. ಊರ ಕಡೆ ತೋಟ ಕೊಳ್ಳೋಣ ಎಂದು ಮನಸ್ಸು ಬದಲಿಸಬೇಡಿ. ಕರ್ನಾಟಕ 2020ರಲ್ಲಿ ಕೃಷಿಭೂಮಿ ಖರೀದಿಯ ನಿರ್ಬಂಧ ಸಡಿಲಿಸಿದ್ದರೂ, ಅನಿವಾಸಿಗಳು ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವುದನ್ನು ಕೇಂದ್ರದ ವಿದೇಶಿ ವಿನಿಮಯ ಕಾನೂನು ಒಪ್ಪುವುದಿಲ್ಲ.

ಪ್ರಶ್ನೆ: ಅಡಮಾನ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡವಿದೆಯೇ? ನಾನು ಸಾಲ ತೀರಿಸಿ ಎರಡು ತಿಂಗಳಾದರೂ ಮೂಲ ಪತ್ರಗಳು ಕೈಸೇರಿಲ್ಲ.
(ನಿವೃತ್ತ ನೌಕರರು, ಶಿವಮೊಗ್ಗ)

ಉತ್ತರ: ವ್ಯಾಪಾರಕ್ಕಲ್ಲದ ಉದ್ದೇಶಕ್ಕೆ ವ್ಯಕ್ತಿಗಳು ಪಡೆದ, ಬದಲಾಗುವ ಬಡ್ಡಿಯ ಸಾಲವಾಗಿದ್ದರೆ ಅವಧಿಪೂರ್ವ ಮರುಪಾವತಿಗೆ ಶುಲ್ಕ ವಿಧಿಸುವಂತಿಲ್ಲ. ಮೂಲ ಪತ್ರಗಳ ವಿಷಯದಲ್ಲಿ ನಿಯಮ ಇನ್ನೂ ಸ್ಪಷ್ಟವಾಗಿದೆ. 2023ರ ಸೆಪ್ಟೆಂಬರ್ 13ರ ರಿಸರ್ವ್ ಬ್ಯಾಂಕ್ ಆದೇಶದಂತೆ, 2023ರ ಡಿಸೆಂಬರ್ 1 ಅಥವಾ ನಂತರ ಪತ್ರಗಳನ್ನು ಬಿಡುಗಡೆ ಮಾಡಬೇಕಾದ ಪ್ರಕರಣಗಳಲ್ಲಿ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಅವನ್ನು ಹಿಂತಿರುಗಿಸಿ, ನೋಂದಾಯಿಸಿದ ಋಣಭಾರವನ್ನೂ ತೆಗೆಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ಈ ಆದೇಶದ ದಿನಾಂಕ ನಮೂದಿಸಿ, ಸಾಲ ತೀರಿದ ಪತ್ರದ ಪ್ರತಿ ಲಗತ್ತಿಸಿ ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಪತ್ರಗಳು ಬಂದ ದಿನ, ಕೊಟ್ಟಾಗ ಬ್ಯಾಂಕು ನೀಡಿದ್ದ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದೊಂದನ್ನೂ ಎಣಿಸಿ, ಆಮೇಲೆ ಸಹಿ ಹಾಕಿ.